ಅತ್ತೆಯ ಮೂಗಿಗೆ ಇಪ್ಪತ್ತೊಂಬತ್ತು ಸೆಂಟಿನ ಕಲ್ಲು

ನನ್ನ ಸೋದರತ್ತೆ ತಮ್ಮ ಅರವತ್ತೆರಡು ವರ್ಷದ ಬದುಕಿನಲ್ಲಿ ಯಾವುದನ್ನೂ 'ಚೆನ್ನಾಗಿದೆ' ಎಂದು ಹೇಳಿರಲಿಲ್ಲ! ನಾನು ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಅಳೆಯದೆ ಮಾತಾಡುವ ಅಭ್ಯಾಸ ನನಗಿಲ್ಲ. ನಾನು ಕಂಡಂತೆ ಅವರು 'ಪರವಾಗಿಲ್ಲ' ಎಂದಿದ್ದುದು ಮೂರು ಸಲ. ಒಮ್ಮೆ ಒಂದು ಹಸುವಿಗೆ. ಇನ್ನೊಮ್ಮೆ, ನನ್ನ ಎಂ.ಎಸ್ಸಿ. ಫಲಿತಾಂಶಕ್ಕೆ. ಮೂರನೆಯದು, ನಮ್ಮಣ್ಣನ ಮದುವೆಯ ಸಾರಿಗೆ. ಆ ಸಾರು ಮಾಡಿದ ಅಡುಗೆಯವರು ಈಗಲೂ ಹೊಸ ಮದುವೆ ಒಪ್ಪಿಕೊಳ್ಳುವಾಗ ಆ ಸಂಗತಿಯನ್ನು ಮೊದಲು ಹೇಳಿ, ಆಮೇಲೆ ರೇಟು ಹೇಳುತ್ತಾರಂತೆ.

ಅತ್ತೆಯ ಊರು ನಂಜನಗೂಡು ತಾಲ್ಲೂಕಿನಲ್ಲಿ, ಕವಲಂದೆಯ ಪಕ್ಕ. ಆ ಊರಿನ ಹಾಲಿನ ಡೈರಿಯಲ್ಲಿ ಅವರು ಮೂವತ್ತು ವರ್ಷ ಟೆಸ್ಟರ್ ಆಗಿದ್ದರು. ಅಂದರೆ ಮನೆಮನೆಯಿಂದ ಬಂದ ಹಾಲಿನಲ್ಲಿ ಕೊಬ್ಬು ಎಷ್ಟು, ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ ಎಷ್ಟು, ಸೇರಿಸಿದ ನೀರು ಎಷ್ಟು ಎಂದು ನೋಡಿ ಬರೆಯುವ ಕೆಲಸ. ಕೊಬ್ಬಿಗೆ ಅಲ್ಲಿ ಫ್ಯಾಟ್ ಎನ್ನುತ್ತಾರೆ, ಗಟ್ಟಿ ಅಂಶಕ್ಕೆ ಎಸ್‌ಎನ್‌ಎಫ್. ಓದು ಬಾರದ ಅಜ್ಜಿಯರೂ ಈ ಎರಡು ಮಾತನ್ನು ಮನೆದೇವರ ಹೆಸರಿನಷ್ಟು ಸಲೀಸಾಗಿ ಹೇಳುವ ಊರು ಅದು.

ಒಮ್ಮೆ ಕರೆಂಟು ಹೋಗಿ ಡೈರಿಯ ಯಂತ್ರ ನಿಂತಿತಂತೆ. ಕ್ಯಾನು ಹಿಡಿದ ಸಾಲು ರಸ್ತೆವರೆಗೆ ಬೆಳೆಯಿತು. ಅತ್ತೆ ಒಂದೊಂದು ಕ್ಯಾನಿನಿಂದ ಒಂದು ಹನಿಯನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟು, ಓರೆ ಮಾಡಿ, ಹರಿಯುವ ರೀತಿ ನೋಡಿ ಅಂಕಿ ಬರೆಯುತ್ತ ಹೋದರು. ಕರೆಂಟು ಬಂದ ಮೇಲೆ ಅನುಮಾನದವರು ಅದೇ ಹಾಲನ್ನು ಯಂತ್ರಕ್ಕೆ ಕೊಟ್ಟರು. ಒಂದೇ ಒಂದು ಮನೆಯ ಹಾಲಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂತು. ಎಲ್ಲರೂ ಅತ್ತೆಯ ಮುಖ ನೋಡಿದರು. ಅತ್ತೆ ಯಂತ್ರದ ಮುಖ ನೋಡಿ, "ಇದನ್ನ ಸರ್ವೀಸಿಗೆ ಕಳ್ಸಿ" ಎಂದರು.

ಸ್ವಂತ ಗಂಡನಿಗಾದರೂ ರಿಯಾಯಿತಿ ಇತ್ತೇ? ಒಂದು ಬೆಳಿಗ್ಗೆ ಮಾವ ತಂದ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು, "ಇದ್ರಲ್ಲಿ ನೀರದೆ. ವಾಪಸ್ ತಕೊಂಡೋಗಿ" ಎಂದರು.

"ಲೇ, ನಾನು ಕಣೆ!" ಎಂದರು ಮಾವ.

"ಯಾರಾದ್ರೇನು? ನೀರು ನೀರೇ. ಮುಂದಿನೋರು ಬನ್ನಿ."

ಪಾಪ, ಮಾವ ನೀರು ಬೆರೆಸಿರಲಿಲ್ಲ. ಕ್ಯಾನು ಜಾಲಿಸಿದ ಮೇಲೆ ಸರಿಯಾಗಿ ಬಸಿದಿರಲಿಲ್ಲ ಅಷ್ಟೆ. ಆದರೂ ಅಂದಿನಿಂದ ಕ್ಯಾನು ತೊಳೆಯುವ ಅಧಿಕಾರ ಅವರ ಕೈತಪ್ಪಿತು. ಡೈರಿಯಿಂದ ಬಂದು ಕ್ಯಾನನ್ನು ಬೇಲಿಗೂಟಕ್ಕೆ ಬೋರಲು ಹಾಕುವುದಷ್ಟೇ ಅವರ ಕೆಲಸ. ತೊಳೆಯುವುದು, ಒಣಗಿಸುವುದು, ಒಳಗೆ ಮೂಗಿಟ್ಟು ನೋಡುವುದು ಅತ್ತೆ.

ನಿವೃತ್ತಿಯಾದ ಮೇಲಾದರೂ ಪರೀಕ್ಷೆ ನಿಲ್ಲಬೇಕಿತ್ತಲ್ಲ? ಇಲ್ಲ, ಡೈರಿಯೊಳಗಿದ್ದದ್ದು ಇಡೀ ಜಿಲ್ಲೆಗೆ ಹರಡಿತು! ನಂಜನಗೂಡಿನಲ್ಲಿ ರಸಬಾಳೆ ಎಂದು ಕೂಗುವವರ ಗಾಡಿ ಮುಂದೆ ನಿಂತು, ಹಣ್ಣು ಮುಟ್ಟದೆ, ತೊಟ್ಟು ನೋಡಿ, "ಇದಕ್ಕೆ ಅದರ ಹೆಸರು ಯಾಕಪ್ಪ ಇಟ್ಟೆ?" ಎಂದು ಕೇಳಿದ್ದಾರೆ. ಈಗ ಅವರು ಬಸ್ಸಿಳಿಯುವುದು ಕಂಡರೆ ಒಬ್ಬ ಗಾಡಿಯವನು "ಬಾಳೆಹಣ್ಣೂ, ಬರೀ ಬಾಳೆಹಣ್ಣೂ" ಎಂದು ಕೂಗುತ್ತಾನೆ.

ಸೋಮನಾಥಪುರ ನಮ್ಮಪ್ಪನ ಊರಿನ ಪಕ್ಕ, ಅಂದರೆ ಅತ್ತೆಗೆ ತವರಿನ ದೇವಸ್ಥಾನ. ಅಲ್ಲೊಬ್ಬ ಗೈಡು ಪ್ರವಾಸಿಗರಿಗೆ, "ಈ ಸಾಲಿನಲ್ಲಿ ಒಂದು ಆನೆಯಂತೆ ಇನ್ನೊಂದು ಆನೆ ಇಲ್ಲ" ಎಂದು ಹೇಳುತ್ತಿದ್ದ. ಅತ್ತೆ ಸುಮ್ಮನೆ ಕೇಳಿದರು. ಆಮೇಲೆ ಬಿಸಿಲಿನಲ್ಲಿ ದೇವಸ್ಥಾನವನ್ನು ಎರಡು ಗಂಟೆ ಸುತ್ತಿದರು. ಹಿಂದುಗಡೆಯ ಮೂಲೆಗೆ ಆ ಗೈಡನ್ನು ಕರೆದೊಯ್ದು, "ಇದು, ಮತ್ತೆ ಇದು. ಸೊಂಡಿಲು ನೋಡು, ಕಾಲು ನೋಡು, ಗಂಟೆ ನೋಡು" ಎಂದರು. ಆತ ಬಗ್ಗಿ ನೋಡಿದ. ಎದ್ದ. ಮತ್ತೆ ಬಗ್ಗಿದ. ಈಗ ಆತ 'ಬಹುತೇಕ' ಎಂಬ ಪದ ಸೇರಿಸಿ ಹೇಳುತ್ತಾನೆ.

ನನ್ನನ್ನು ನೋಡಲು ಬಂದಿದ್ದ ಒಬ್ಬ ಗಂಡಿನ ವಿಷಯದಲ್ಲೂ ಅತ್ತೆಯ ವರದಿ ಒಂದೇ ಸಾಲಿನದು: "ಫ್ಯಾಟ್ ಅದೆ, ಎಸ್‌ಎನ್‌ಎಫ್ ಇಲ್ಲ." ಇದಕ್ಕಿಂತ ಹೆಚ್ಚು ಹೇಳುವುದು ನನ್ನ ಸ್ವಭಾವವಲ್ಲ, ಇದಕ್ಕಿಂತ ಹೆಚ್ಚು ಹೇಳುವುದೇನೂ ಇರಲೂ ಇಲ್ಲ.

ಇನ್ನು ಅವರ ಮೂಗಿನ ವಿಷಯ.

ಅತ್ತೆಯ ಮೂಗಿನಲ್ಲಿ ಮೂಗುಬೊಟ್ಟು ಇರಲಿಲ್ಲ. ಒಂದು ಕಡ್ಡಿ ಇತ್ತು. ಚುಚ್ಚಿದ ತೂತು ಮುಚ್ಚದಿರಲಿ ಎಂದು ನಮ್ಮ ಕಡೆ ಹೆಣ್ಣುಮಕ್ಕಳು ನಾಲ್ಕು ದಿನ ಕಡ್ಡಿ ಇಟ್ಟುಕೊಳ್ಳುತ್ತಾರಲ್ಲ, ಅದೇ ಕಡ್ಡಿ. ಆದರೆ ಅತ್ತೆ ಇಟ್ಟುಕೊಂಡಿದ್ದುದು ನಲವತ್ತಮೂರು ವರ್ಷದಿಂದ!

ಅವರ ಮದುವೆಯಲ್ಲಿ ಮಾವನ ತಂದೆ ಸೊಸೆಗೆ ವಜ್ರದ ಮೂಗುಬೊಟ್ಟು ತಂದಿದ್ದರು. ಯಾರೋ ಊರೂರು ತಿರುಗುವ ವ್ಯಾಪಾರಿಯಿಂದ ಕೊಂಡದ್ದು. ಹೆಂಗಸರೆಲ್ಲ ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ಹೊಗಳಿದರು. ಕೊನೆಗೆ ಅದು ಮದುಮಗಳ ಕೈಗೆ ಬಂತು. ಹತ್ತೊಂಬತ್ತು ವರ್ಷದ ಮದುಮಗಳು ಅದರ ಮೇಲೆ ಹಾ ಎಂದು ಉಸಿರು ಬಿಟ್ಟಳು. ಕಲ್ಲು ಮಂಜಾಯಿತು. ನಿಜವಾದ ವಜ್ರದ ಮೇಲೆ ಕೂತ ಉಸಿರು ಕಣ್ಣು ಮಿಟುಕಿಸುವುದರೊಳಗೆ ಹಾರಿಹೋಗಬೇಕು ಎಂದು ಅವರಜ್ಜಿ ಹೇಳಿಕೊಟ್ಟಿದ್ದರು. ಇಲ್ಲಿ ಮಂಜು ಆರಾಮಾಗಿ ಕೂತೇ ಇತ್ತು.

"ಇದು ಗಾಜು" ಎಂದಳು ಮದುಮಗಳು.

ಓಲಗ ನಿಂತಿತಂತೆ. ಗಂಡಿನ ಕಡೆಯವರು ಎದ್ದು ನಿಂತರಂತೆ. ಹೆಣ್ಣಿನ ಕಡೆಯ ಹಿರಿಯರೊಬ್ಬರು, "ಈಗೇನವ್ವ ಮಾಡಾದು?" ಎಂದು ಕೇಳಿದ್ದಕ್ಕೆ ಅತ್ತೆ, "ಕಲ್ಲು ಸುಳ್ಳು ಅಂದೆ ಅಷ್ಟೆ. ಗಂಡಿನ ವಿಷ್ಯ ನಾನು ಆಮೇಲ್ ನೋಡ್ಕೊತೀನಿ. ತಾಳಿ ಕಟ್ಸಿ" ಎಂದರು. ತಾಳಿ ಕಟ್ಟಿಸಿಕೊಂಡು, ಮೂಗಿಗೆ ಪೊರಕೆಯಿಂದ ಒಂದು ಕಡ್ಡಿ ಮುರಿದು ಇಟ್ಟುಕೊಂಡು, "ನಿಜವಾದ ಕಲ್ಲು ಬರೋಗಂಟ ಇದೇ ಇರಲಿ" ಎಂದು ಗಂಡನ ಮನೆಗೆ ಹೊರಟರು.

ಊರವರು ಬಿಡುತ್ತಾರೆಯೇ? ಆ ಮನೆಗೆ ಅಂದೇ 'ಗಾಜಿನ ಮನೆ' ಎಂದು ಹೆಸರು ಬಿತ್ತು. ಕಂದಾಯದ ಕಾಗದ ಬಿಟ್ಟರೆ ಉಳಿದೆಲ್ಲ ಕಡೆ ಇವತ್ತಿಗೂ ಅದೇ ಹೆಸರು.

ಆ ಕಡ್ಡಿ ಬೆಳೆದು ಬಂದ ಬಗೆಯೇ ಬೇರೆ. ಪೊರಕೆಯ ಕಡ್ಡಿಯಿಂದ ಮೂಗಿನಲ್ಲಿ ಕೀವಾದದ್ದನ್ನು ಕಂಡು ಮಾವ ಮದುವೆಯಾದ ಮೊದಲ ತಿಂಗಳೇ ಆ ಕೆಲಸವನ್ನು ತಾವು ವಹಿಸಿಕೊಂಡರಂತೆ. ಪ್ರತಿ ಭಾನುವಾರ ಬೆಳಿಗ್ಗೆ ಡೈರಿಯಿಂದ ಬಂದು ಜಗಲಿಯ ಮೇಲೆ ಕೂತು, ತೆಂಗಿನ ಗರಿಯಿಂದ ಒಂದು ಎಳೆ ಸೀಳಿ, ಬ್ಲೇಡಿನಿಂದ ಹೆರೆದು, ಉಪ್ಪುಕಾಗದದಲ್ಲಿ ಉಜ್ಜಿ, ತುದಿಯನ್ನು ದೀಪಕ್ಕೆ ಹಿಡಿದು ಸಾಸಿವೆಯಷ್ಟು ಕರಿ ಮೊಗ್ಗು ಮಾಡುತ್ತಾರೆ. ಬಸ್ಸಿನಲ್ಲಿ ಒಬ್ಬಾಕೆ ಅತ್ತೆಯನ್ನು, "ಇದ್ಯಾವ ಕಲ್ಲು ಅಕ್ಕ? ಹೊಸ ಮಾಡೆಲ್ಲಾ?" ಎಂದು ಕೇಳಿದ್ದೂ ಉಂಟು. ಅತ್ತೆ ಮಾತ್ರ ಪ್ರತಿ ವಾರ ಕನ್ನಡಿ ನೋಡಿ, "ದಪ್ಪಾಯ್ತು" ಎನ್ನುತ್ತಾರೆ. ಇಲ್ಲವೇ "ವಾರೆ ಅದೆ" ಎನ್ನುತ್ತಾರೆ. ಇದಲ್ಲದೆ ಮೂರನೆಯ ಮಾತು ಬಂದದ್ದನ್ನು ಮಾವ ಕೇಳಿರಲಿಲ್ಲ.

ಕೆಲವು ತಿಂಗಳ ಹಿಂದೆ ಒಂದು ದಿನ ಮಾವ ನಂಜನಗೂಡಿನ ನನ್ನ ಮನೆ ಬಾಗಿಲಿಗೆ ಬಂದರು. ಕೈಯಲ್ಲಿ ಒಂದು ಚಿಪ್ಪು ರಸಬಾಳೆ. ಅತ್ತೆಯ ಪರೀಕ್ಷೆ ದಾಟಿದ್ದೇ ಇರಬೇಕು.

"ಮಗ, ಒಂದ್ ವಿಷ್ಯ ಅದೆ. ನಿಮ್ಮತ್ತೆಗೆ ಏಳ್ಕೂಡ್ದು. ನಮ್ ನೆಂಟ್ರಲ್ಲಿ ಬಾಯ್ ಮುಚ್ಕಂಡಿರೋಳು ನೀನೊಬ್ಳೇ ಅಂತ ಬಂದೆ."

ಹೊಗಳಿಕೆಯೋ ಏನೋ, ನಾನು ಕಾಫಿ ಕೊಟ್ಟೆ.

"ನಿಮ್ಮತ್ತೆ ಮೂಗಿಗೆ ಒಂದು ನಿಜವಾದ ಕಲ್ಲು ತರ್ಬೇಕು ಕಣವ್ವ. ಅರಿಸ್ನದ ಬೆಳೆ ದುಡ್ಡು ಮೂರ್ ವರ್ಷದಿಂದ ಎತ್ತಿ ಮಡಗಿವ್ನಿ. ನಮ್ಮಪ್ಪ ಸಾಯೋಗಂಟ ಅದನ್ನೇ ಅಂತಿದ್ದ. 'ನಾನು ಬೇಕಂತ ಗಾಜು ಕೊಡ್ನಿಲ್ಲ ಕಣ್ಲಾ, ನಂಗೂ ಗೊತ್ತಿರ್ನಿಲ್ಲ, ನಂಗೂ ಮೋಸ ಮಾಡ್ದ' ಅಂತ. ಸೊಸೆ ಮುಂದೆ ಏಳಾಕೆ ಅವನಿಗೆ ಬಾಯೇ ಬರ್ನಿಲ್ಲ. ನಂಗೂ ಬರ್ನಿಲ್ಲ."

ಕಾಫಿ ಲೋಟ ಕೆಳಗಿಟ್ಟರು. "ಈಗ್ಲೂ ಗಾಜಾದ್ರೆ ನನ್ ಕತೆ ಮುಗೀತು."

"ಕಟ್ಟಿಸಿದ ಮೂಗುಬೊಟ್ಟನ್ನೇ ತರಬಹುದಲ್ಲ ಮಾವ?"

"ಅಯ್ಯೋ, ಕಟ್ಸಿದ್ದು ತಂದ್ರೆ 'ಕಲ್ಲಿನ ಇಂದುಗಡೆ ಏನ್ ಮುಚ್ಚವ್ರೆ' ಅಂತ ಅಲ್ಲೇ ಸುರು. ಬಿಡಿ ಕಲ್ಲೇ ಆಗ್ಬೇಕು. ಜೊತೆಗೆ ಸರ್ಟಿಫಿಕೇಟ್ ಆಗ್ಬೇಕು. ಸರ್ಟಿಫಿಕೇಟ್ ಓದೋ ನೀನು ಆಗ್ಬೇಕು."

ನಾನು ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿರುವವಳು. ವಜ್ರ ನನ್ನ ಕ್ಷೇತ್ರವಲ್ಲ. ಆದರೆ ವರದಿ ಓದುವುದು ನನ್ನ ಕ್ಷೇತ್ರ. ಒಂದು ವಾರ ಕೂತು ಓದಿಕೊಂಡೆ. ವಜ್ರಕ್ಕೆ ನೋಡುವುದು ನಾಲ್ಕು: ತೂಕ, ಬಣ್ಣ, ಒಳಗಿನ ಶುದ್ಧಿ, ಕಡಿತ. ತೂಕ ಕ್ಯಾರೆಟ್ಟಿನಲ್ಲಿ, ಕ್ಯಾರೆಟ್ಟಿನ ನೂರನೇ ಒಂದು ಪಾಲಿಗೆ ಅಂಗಡಿಯಲ್ಲಿ ಸೆಂಟ್ ಎನ್ನುತ್ತಾರೆ. ಬಣ್ಣ ಎಂದರೆ ಬಣ್ಣ ಇಲ್ಲದಿರುವುದು. ಹಳದಿ ಛಾಯೆ ಕಡಿಮೆಯಾದಷ್ಟೂ ಬೆಲೆ ಹೆಚ್ಚು. ಶುದ್ಧಿ ಎಂದರೆ ಹುಟ್ಟಿನಿಂದ ಬಂದ ಚುಕ್ಕಿ, ಗೆರೆ ಎಷ್ಟಿವೆ ಎಂಬುದು. ಕೊನೆಯದು ಕಡಿತ. ಅದು ಭೂಮಿಯದಲ್ಲ, ಮನುಷ್ಯನ ಕೆಲಸ. ಹೊಳಪು ಇರುವುದೆಲ್ಲ ಅಲ್ಲೇ.

ಮೈಸೂರಿನ ಅಂಗಡಿಯಲ್ಲಿ ಟೈ ಕಟ್ಟಿದ ಮಾರಾಟಗಾರ ಎರಡು ಕಲ್ಲುಗಳನ್ನು ಕಪ್ಪು ತಟ್ಟೆಯಲ್ಲಿಟ್ಟ. "ಎರಡೂ ಸರ್ಟಿಫೈಡ್ ಸರ್. ಕಲರ್ ಒಂದೇ, ಕ್ಲಾರಿಟಿ ಒಂದೇ. ಇದು ಮೂವತ್ತು ಸೆಂಟ್, ಅದು ಇಪ್ಪತ್ತೊಂಬತ್ತು. ಮೂವತ್ತು ಮುಟ್ಟಿದ್ರೆ ರೇಟೇ ಬೇರೆ ಸರ್."

"ಒಂದ್ ಸೆಂಟಿಗೆ ಅಷ್ಟೊಂದಾ?" ಮಾವ ಕೇಳಿದರು. ಆಮೇಲೆ ತಾವೇ ತಲೆದೂಗಿದರು. "ಊಂ, ನಮ್ ಡೈರೀಲೂ ಅಂಗೇ. ಫ್ಯಾಟ್ ಒಂದ್ ಗೆರೆ ದಾಟಿದ್ರೆ ರೇಟು."

ನಾನು ಬಿಳಿ ಹಾಳೆ ಕೇಳಿ ಪಡೆದು, ಕಲ್ಲುಗಳನ್ನು ತಲೆಕೆಳಗಾಗಿ ಇಟ್ಟು ಬಣ್ಣ ನೋಡಿದೆ. ಅಂಗಡಿಯ ದೀಪದ ಕೆಳಗಿನಿಂದ ಕಿಟಕಿಯ ಬೆಳಕಿಗೆ ತಂದೆ. ಮಾರಾಟಗಾರನ ನಗು ಸ್ವಲ್ಪ ಚಿಕ್ಕದಾಯಿತು. ಅಲ್ಲಿ ಮೂವತ್ತು ಸೆಂಟಿನದು ಮಂಕಾಗಿ ಕೂತಿತು. ಇಪ್ಪತ್ತೊಂಬತ್ತರದು ಉಸಿರಾಡುವಂತೆ ಮಿನುಗಿತು. ವರದಿಯಲ್ಲಿ ಅಳತೆ ನೋಡಿದರೆ ಕಾರಣವೂ ಇತ್ತು. ಮೊದಲನೆಯದನ್ನು ತೂಕ ಉಳಿಸಲು ಆಳವಾಗಿ ಕಡಿದಿದ್ದರು, ತೂಕವೆಲ್ಲ ಹೊಟ್ಟೆಯಲ್ಲಿತ್ತು.

ಮಾವನಿಗೆ ಹೇಳಿದೆ. ಮಾವ ಬಗ್ಗಿ ನೋಡಿ, "ಗೊತ್ತಾಯ್ತು ಬುಡು. ಸಂತೆಗೆ ಬರೋ ಮುಂಚೆ ನೀರ್ ಕುಡ್ಸಿರೋ ಕುರಿ" ಎಂದರು.

ಇಪ್ಪತ್ತೊಂಬತ್ತು ಸೆಂಟಿನದನ್ನೇ ತೆಗೆದುಕೊಂಡೆವು. ಅಂಚಿನಲ್ಲಿ ಒಂದು ಸಣ್ಣ ಚುಕ್ಕಿ ಇತ್ತು, ವರದಿಯಲ್ಲೂ ಬರೆದಿತ್ತು. ಏಳು ದಿನದೊಳಗೆ ಕಾಗದದ ಸಮೇತ ತಂದರೆ ವಾಪಸ್ಸು ಪಡೆಯುತ್ತೇವೆ ಎಂದರು. ಬಸ್ಸಿನಲ್ಲಿ ಮಾವ ಜೇಬಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಕಂಡಕ್ಟರು, "ಎದೆ ನೋವಾ ಯಜಮಾನ್ರೆ?" ಎಂದು ವಿಚಾರಿಸಿದ.

ಗುರುವಾರ ಸಂಜೆ ಅತ್ತೆಯ ಮುಂದೆ ಪೊಟ್ಟಣ, ಕಾಗದ ಎರಡೂ ಇಟ್ಟೆವು. ಅತ್ತೆ ಕಲ್ಲು ನೋಡಲಿಲ್ಲ. ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು, ಕನ್ನಡಕ ಹಾಕಿಕೊಂಡು ಕಾಗದ ತೆಗೆದುಕೊಂಡರು.

"ಏನೇ ಇದು, ನಮ್ಮ ಹಾಲಿನ ಚೀಟಿ ಇದ್ದಂಗದೆ! ಗುಣ ಎಲ್ಲ ಬರ್ದವ್ರೆ, ಬೆಲೆ ಎಲ್ಲಿ?"

"ಗುಣಕ್ಕೆ ಮಾತ್ರ ಕಾಗದ ಅತ್ತೆ. ಬೆಲೆ ಅಂಗಡಿಯವರದ್ದು."

"ಅದೇ ಸರಿ. ಟೆಸ್ಟ್ ಮಾಡೋರು ರೇಟ್ ಹೇಳ್ಬಾರ್ದು." ಕಾಗದವನ್ನು ಬೆಳಕಿಗೆ ಹಿಡಿದರು. "ಇದು ನೆಲದಲ್ಲಿ ಸಿಕ್ಕಿದ್ದಾ? ಈಗ ಮಿಷನ್ನಲ್ಲೂ ಬೆಳೀತಾರಂತೆ. ನನಗೆ ಪಾಕೆಟ್ ಹಾಲು ಬ್ಯಾಡ."

ಸಹಜ ವಜ್ರ ಎಂದು ಬರೆದಿದ್ದ ಸಾಲು ತೋರಿಸಿದೆ.

"ಸರಿ. ಕಾಗದ ಪಾಸು. ಆದ್ರೆ ಈ ಕಾಗದ ಈ ಕಲ್ಲಿಂದೇ ಅಂತ ಯಾರ್ ಹೇಳಿದ್ರು? ಒಬ್ಬರ ಸ್ಯಾಂಪಲ್ ಬಾಟ್ಲಿಗೆ ಇನ್ನೊಬ್ಬರ ನಂಬರ್ ಅಂಟ್ಸೋರ್ನ ನಾನು ಕಂಡಿಲ್ವಾ?"

ಅಂಗಡಿಯಲ್ಲಿ ನಾನೇ ಕೇಳಬೇಕಿದ್ದ ಪ್ರಶ್ನೆ! ಕಲ್ಲಿನ ಸೊಂಟದ ಸುತ್ತ ಲೇಸರಿನಿಂದ ವರದಿಯ ಸಂಖ್ಯೆ ಕೊರೆದಿರುತ್ತಾರೆ. ಬರಿಗಣ್ಣಿಗೆ ಕಾಣದು. ನಾನು ತಂದಿದ್ದ ಭೂತಗನ್ನಡಿಯನ್ನು ಅತ್ತೆ ಕಣ್ಣಿಗೆ ಒತ್ತಿಕೊಂಡು, ಕಲ್ಲನ್ನು ಚಿಮುಟದಲ್ಲಿ ಹಿಡಿದು, ಒಂದೊಂದೇ ಅಂಕಿ ಕೂಗಿದರು. ಮಾವ ಕಾಗದದಲ್ಲಿ ಬೆರಳಿಟ್ಟು "ಊಂ, ಊಂ" ಎನ್ನುತ್ತಿದ್ದರು.

"ಐದನೇದು ಮೂರು" ಎಂದರು ಅತ್ತೆ.

ಮಾವನ ಬೆರಳು ನಿಂತಿತು. "ಎಂಟು ಅಂತದೆ ಕಣೆ."

ನಲವತ್ತಮೂರು ವರ್ಷದ ಹಿಂದಿನ ಆ ಓಲಗ ಮತ್ತೊಮ್ಮೆ ನಿಂತಂತಾಯಿತು. ಅತ್ತೆ ಕಲ್ಲನ್ನು ಸೆರಗಿನ ತುದಿಯಲ್ಲಿ ಒರೆಸಿ, ಕೂದಲಷ್ಟು ತಿರುಗಿಸಿ, ಮತ್ತೆ ನೋಡಿದರು. ನೋಡಿಯೇ ನೋಡಿದರು. ಆಮೇಲೆ ಭೂತಗನ್ನಡಿಯನ್ನು ನನಗೆ ಕೊಟ್ಟು, "ನೀನ್ ಹೇಳು. ಇದ್ದಷ್ಟೇ ಹೇಳು" ಎಂದರು.

ನೋಡಿದೆ. ಅಂಕಿಯ ಎಡಗಡೆ ಒಂದು ಧೂಳಿನ ಕಣ ಕೂತಿತ್ತು. ಊದಿದೆ. ಎಂಟು!

ಮಾವ ಎದ್ದುಹೋಗಿ ಎರಡು ಚೊಂಬು ನೀರು ಕುಡಿದು ಬಂದರು.

ಆಮೇಲಿನ ಪರೀಕ್ಷೆಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಉಸಿರು ಬಿಟ್ಟದ್ದು ಹನ್ನೊಂದು ಸಲ. ಹನ್ನೊಂದು ಸಲವೂ ಮಂಜು ತಕ್ಷಣ ಹಾರಿತು. ದಿನಪತ್ರಿಕೆಯ ಅಕ್ಷರದ ಮೇಲೆ ಕಲ್ಲನ್ನು ಬೋರಲಿಟ್ಟರು. ಗಾಜಾಗಿದ್ದರೆ ಅಕ್ಷರ ಕಾಣಬೇಕು, ಕಾಣಲಿಲ್ಲ. ವರದಿಯ ಚಿತ್ರದಲ್ಲಿ ಚುಕ್ಕಿ ಎಲ್ಲಿದೆಯೋ ಕಲ್ಲಿನಲ್ಲೂ ಅಲ್ಲೇ ಇತ್ತು. ಚುಕ್ಕಿ ಕಂಡದ್ದೇ ಅತ್ತೆಯ ಮುಖ ಸಡಿಲಾಯಿತು. "ಇರೋದನ್ನ ಇದೆ ಅಂತ ಬರ್ದವ್ರೆ. ಪ್ರಾಮಾಣಿಕರು" ಎಂದರು.

"ಅಂಗಾದ್ರೆ ಪಾಸಾ?" ಮಾವ ಕೇಳಿದರು.

"ಮೂರು ರಾತ್ರಿ ಮನೇಲಿರಲಿ. ಆಗಿಬರ್ತದಾ ನೋಡ್ಬೇಕು."

ಹೊಸ ಹರಳು ಮನೆಗೆ ಬಂದರೆ ಮೂರು ರಾತ್ರಿ ಇಟ್ಟು ನೋಡುವುದು ನಮ್ಮ ಕಡೆಯ ಪದ್ಧತಿ. ಆ ಮೂರು ದಿನದಲ್ಲಿ ಕೆಡುಕು ನಡೆದರೆ ಕಲ್ಲು ವಾಪಸ್ಸು. ವಿಜ್ಞಾನ ಓದಿದವಳಾಗಿ ನಾನು ಇದನ್ನು ನಂಬುವುದಿಲ್ಲ. ಆದರೂ ಶನಿವಾರ ಕೆಲಸ ಮುಗಿಸಿ ಮತ್ತೆ ಆ ಊರಿನ ಬಸ್ಸು ಹತ್ತಿದ್ದು ಸುಳ್ಳಲ್ಲ. ಮಾವ ಈ ಮೂರು ದಿನ ಮೆಟ್ಟಿಲು ಇಳಿಯುವಾಗಲೂ ಗೋಡೆ ಹಿಡಿದುಕೊಂಡರು. ಹಸುವನ್ನು ಹಿತ್ತಿಲು ದಾಟಿಸಲಿಲ್ಲ. ತಾವು ಎಡವಿ ಬಿದ್ದರೆ ಆ ಅಪವಾದ ಕಲ್ಲಿಗೆ ಬಂದೀತು ಎಂಬ ಭಯ!

ಎರಡು ರಾತ್ರಿ ಕಲ್ಲು ಅತ್ತೆಯ ದಿಂಬಿನ ಕೆಳಗಿತ್ತು. ಮೂರನೆಯ ರಾತ್ರಿ, ಮಾವ ಮಲಗಿದ ಮೇಲೆ, ಅತ್ತೆ ಅದನ್ನು ದೇವರ ಗೂಡಿನಲ್ಲಿ ಒಂದು ಲೋಟ ಹಸಿ ಹಾಲಿನಲ್ಲಿ ಮುಳುಗಿಸಿಟ್ಟರು. ಕೊನೆಯ ರಾತ್ರಿ ಹಾಲಿನಲ್ಲಿರಬೇಕು ಎಂಬುದೂ ಪದ್ಧತಿಯ ಭಾಗ. ಅದನ್ನು ಮಾವನಿಗೆ ಹೇಳಬೇಕೆಂದು ಅವರಿಗೆ ತೋಚಲಿಲ್ಲ.

ಭಾನುವಾರ ಬೆಳಗಿನ ಜಾವ ಮಾವ ಎದ್ದರು. ದೇವರಿಗೆ ಕೈಮುಗಿದರು. ಗೂಡಿನಲ್ಲಿ ಒಂದು ಲೋಟ ಹಾಲು ಕಂಡಿತು. ಹಾಲು ಮಾರುವ ಮನೆಯಲ್ಲಿ ಒಂದು ಲೋಟ ಹಾಲನ್ನು ಯಾರಾದರೂ ಕೆಡಲು ಬಿಡುತ್ತಾರೆಯೇ? ದೇವರು ನೋಡಿಯಾಯಿತಲ್ಲ ಎಂದು ಅದನ್ನು ಕ್ಯಾನಿಗೆ ಸುರಿದರು, ಹೊಸದಾಗಿ ಕರೆದ ಹಾಲನ್ನೂ ಸುರಿದರು, ಡೈರಿಗೆ ಹೋಗಿ ಹಾಕಿ ಬಂದರು.

ಅತ್ತೆ ದೇವರ ಗೂಡಿನ ಮುಂದೆ ನಿಂತು, "ಲೋಟ ಎಲ್ರೀ?" ಎಂದರು.

"ಕ್ಯಾನಿಗೆ ಸುರ್ದೆ. ಯಾಕೆ?"

ಅತ್ತೆ ಯಾಕೆ ಎಂದು ಹೇಳಿದರು.

ಚಪ್ಪಲಿ ಮೆಟ್ಟಿಕೊಳ್ಳದೆ ಅತ್ತೆ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಹಿಂದೆ, ನನ್ನ ಹಿಂದೆ ಮಾವ. ಡೈರಿಯಲ್ಲಿ ಈಗ ಟೆಸ್ಟರ್ ಆಗಿರುವವಳು ಅತ್ತೆಯೇ ತಯಾರು ಮಾಡಿದ ಹೆಣ್ಣುಮಗಳು. ಬಾಗಿಲಲ್ಲೇ ಅತ್ತೆ, "ಯಾರೂ ಹಾಲು ಸುರೀಬ್ಯಾಡಿ! ನಮ್ಮ ಹಾಲಲ್ಲಿ ವಜ್ರ ಹೋಗದೆ!" ಎಂದು ಕೂಗಿದರು. ಸಾಲಿನಲ್ಲಿದ್ದವರೆಲ್ಲ ಕ್ಯಾನು ಎತ್ತಿದ ಕೈ ಎತ್ತಿದಂತೆಯೇ ನಿಂತರು. ಆ ಹೆಣ್ಣುಮಗಳು ಹಾಲು ಸೋಸುವ ಜಾಲರಿ ಬಿಚ್ಚಿ ತೋರಿಸಿದಳು. ಎರಡು ಹುಲ್ಲುಕಡ್ಡಿ, ಒಂದು ನೊಣ. ಕಲ್ಲಿಲ್ಲ.

"ಗಾಜಿನ ಮನೇಲಿ ಈಗ ವಜ್ರ ಕಳ್ದೋಯ್ತಂತೆ" ಎಂದು ಸಾಲಿನಲ್ಲಿ ಯಾರೋ ಅಂದರು. ಯಾರೋ ನಕ್ಕರು. ಮಾವ ತಲೆ ಎತ್ತಲಿಲ್ಲ.

ಅತ್ತೆ ನಗುವವರ ಕಡೆ ತಿರುಗಲಿಲ್ಲ. ಯೋಚಿಸುತ್ತಿದ್ದರು. "ಕಲ್ಲು ಹಾಲಿಗಿಂತ ತೂಕ. ತಳಕ್ಕೆ ಹೋಗ್ತದೆ. ಕ್ಯಾನು ಬಗ್ಸಿದಾಗ ಹೆಗಲಿಗೆ ಬಂದು ಕೂರ್ತದೆ. ಜಾಲರೀಗೆ ಬಿದ್ದಿಲ್ಲ ಅಂದ್ರೆ..." ತಟ್ಟನೆ ಗಂಡನ ಕಡೆ ತಿರುಗಿದರು. "ಕ್ಯಾನು ತೊಳುದ್ರಾ?"

"ಇಲ್ಲ ಕಣೆ. ನೀನೇ ತೊಳೀಬ್ಯಾಡ ಅಂದಿದ್ದೀಯಲ್ಲ. ಬೇಲಿಗೂಟಕ್ಕಾಕಿವ್ನಿ."

ಮತ್ತೆ ಓಟ. ಬೋರಲು ಹಾಕಿದ್ದ ಕ್ಯಾನನ್ನು ಅತ್ತೆ ಅಲುಗಿಸದೆ ಇಳಿಸಿ, ಬಾಯಿಯೊಳಗೆ ಕೈ ಹಾಕಿ, ಹೆಗಲಿನ ಒಳಸುತ್ತನ್ನು ಬೆರಳಿನಿಂದ ಮೆಲ್ಲಗೆ ಸವರಿದರು. ಅಲ್ಲಿ ಕೆನೆಯ ಜಿಡ್ಡು ಒಂದು ಪದರವಾಗಿ ಕೂತಿತ್ತು. ಬೆರಳು ಹೊರಬಂದಾಗ ಅದರ ತುದಿಯಲ್ಲಿ, ಕೆನೆಯೊಳಗೆ, ಇಪ್ಪತ್ತೊಂಬತ್ತು ಸೆಂಟಿನ ಕಲ್ಲು.

ನನಗೆ ಆಗ ಹೇಳದೆ ಇರಲಾಗಲಿಲ್ಲ. "ಅತ್ತೆ, ವಜ್ರಕ್ಕೆ ನೀರು ಹತ್ತುವುದಿಲ್ಲ, ಜಿಡ್ಡು ಅಂಟುತ್ತದೆ. ಗಣಿಗಳಲ್ಲೂ ಜಿಡ್ಡು ಬಳಿದ ಹಲಗೆಯ ಮೇಲೆ ನೀರು ಹರಿಸಿ ವಜ್ರ ಹಿಡಿಯುತ್ತಿದ್ದರು. ಗಾಜಾಗಿದ್ದರೆ ಜಾರಿ ಹಾಲಿನ ಜೊತೆ ಹೊರಟುಹೋಗುತ್ತಿತ್ತು."

ಅತ್ತೆ ಬೆರಳನ್ನು ಬಿಸಿಲಿಗೆ ಹಿಡಿದರು. "ಹಾಲಿಗೆ ನೀರು ಬೆರೆಸಿದ್ರೂ ಹೊರಟೋಗ್ತಿತ್ತು" ಎಂದರು. ಗಂಡನನ್ನು ನೋಡಿದರು. "ಪರವಾಗಿಲ್ಲ."

ಕಲ್ಲಿಗೋ, ಹಾಲಿಗೋ, ಮಾವನಿಗೋ, ಅವರು ಬಿಡಿಸಿ ಹೇಳಲಿಲ್ಲ. ನನ್ನ ಲೆಕ್ಕದಲ್ಲಿ ಇದು ನಾಲ್ಕನೆಯ ಸಲ.

ಕಲ್ಲು ಕೂರಿಸಲು ಟಿ. ನರಸೀಪುರಕ್ಕೆ ಹೋದೆವು. ಅಲ್ಲಿನ ಚಿನ್ನದ ಕೆಲಸದ ಆಚಾರಿ ಅತ್ತೆಗೆ ತವರುಮನೆಯ ಕಾಲದಿಂದ ಗೊತ್ತಿದ್ದವರು. "ಯಾವ ಡಿಸೈನ್ ಮಾಡಾನವ್ವ?" ಎಂದು ಕೇಳಿದರು. ಅತ್ತೆ ಸೊಂಟದ ಚೀಲದಿಂದ ಹಾಲಿನ ಸ್ಯಾಂಪಲ್ಲಿನ ಒಂದು ಪುಟ್ಟ ಸೀಸೆ ತೆಗೆದರು. ಅದರೊಳಗೆ ಹತ್ತಿಯಲ್ಲಿ ಸುತ್ತಿದ ಹಳೆಯ ಮೂಗುಬೊಟ್ಟು, ಆ ಗಾಜಿನ ಕಲ್ಲಿನ ಸಮೇತ. ಅದನ್ನು ಅವರು ಎಸೆದಿರಲಿಲ್ಲ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

"ಗಾಜು ತೆಗೀರಿ. ಇದೇ ಗೂಡಿಗೆ ಈ ವಜ್ರನ ಕೂರ್ಸಿ."

"ಹೊಸಾ ಚಿನ್ನದಲ್ಲೇ ಮಾಡಿಸ್ಬೌದಲ್ಲ ಕಣೆ," ಮಾವ ಮೆಲ್ಲಗೆ ಅಂದರು.

"ಯಾಕೆ? ಇದು ನಿಮ್ಮಪ್ಪ ತಂದಿದ್ದು. ಚಿನ್ನ ಅವತ್ತೇ ಪಾಸಾಗಿತ್ತು. ಫೇಲಾಗಿದ್ದು ಕಲ್ಲೊಂದೇ. ಅದನ್ನ ತಂದವರು ಸುಳ್ಳು ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?"

ಮಾವ ಆಚಾರಿಯ ಒಲೆಯನ್ನು ನೋಡುತ್ತ ಕೂತರು. ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಒಗೆ ಜಾಸ್ತಿ ಇಲ್ಲಿ" ಎಂದರು. ಒಲೆ ಇನ್ನೂ ಹೊತ್ತಿಸಿರಲಿಲ್ಲ.

ಮೂರು ವಾರದ ನಂತರ ಒಂದು ಭಾನುವಾರ ನಾನು ಮತ್ತೆ ಹೋಗಿದ್ದೆ. ಅತ್ತೆಯ ಮೂಗಿನಲ್ಲಿ ಕಲ್ಲು ಮಿನುಗುತ್ತಿತ್ತು. ಊರವರು ಒಂದೊಂದೇ ನೆಪ ಮಾಡಿಕೊಂಡು ಬಂದು ನೋಡಿಹೋಗುತ್ತಿದ್ದರು. ಮಾವ ಡೈರಿಯಿಂದ ಬಂದರು. ಕ್ಯಾನನ್ನು ಬೇಲಿಗೂಟಕ್ಕೆ ಬೋರಲು ಹಾಕಿದರು. ಜಗಲಿಯ ಮೇಲೆ ಕೂತು, ತೊಲೆಯ ಸಂದಿಯಿಂದ ಬ್ಲೇಡು ತೆಗೆದು, ತೆಂಗಿನ ಗರಿಯಿಂದ ಒಂದು ಎಳೆ ಸೀಳಿ ಹೆರೆಯತೊಡಗಿದರು. ಅರ್ಧ ಹೆರೆದ ಮೇಲೆ ಕೈ ನಿಂತಿತು. ಇನ್ನು ಇದು ಬೇಡವಲ್ಲ ಎಂಬುದು ಆಗ ನೆನಪಾಯಿತೇನೋ. ಆ ಕಡ್ಡಿಯನ್ನು ಅಂಗಳಕ್ಕೆ ಎಸೆಯಲಿಲ್ಲ, ಜೇಬಿಗೂ ಹಾಕಲಿಲ್ಲ; ಎರಡು ಬೆರಳಿನ ನಡುವೆ ಹಿಡಿದು ತಿರುಗಿಸುತ್ತ ಕೂತರು. ನಲವತ್ತಮೂರು ವರ್ಷದ ಭಾನುವಾರಗಳು ಎಷ್ಟಾಗುತ್ತವೆ ಎಂದು ನಾನು ಲೆಕ್ಕ ಹಾಕಲು ಹೊರಟು, ನಡುವೆ ಬಿಟ್ಟೆ.

ಒಳಗಿನಿಂದ ಅತ್ತೆ ಬಂದರು. ನೋಡಿದರು. ಕೈ ಒರೆಸಿಕೊಂಡು ಮಾವನ ಎದುರಿಗೆ ಕೂತರು. ಮೂಗಿನ ತಿರುಪು ಬಿಚ್ಚಿ, ಮೂಗುಬೊಟ್ಟನ್ನು ನನ್ನ ಅಂಗೈಗೆ ಹಾಕಿದರು.

"ಅರ್ಧಕ್ಕೆ ಯಾಕೆ ಬಿಟ್ರಿ? ತುದಿ ದೀಪಕ್ಕೆ ಹಿಡೀರಿ. ವಜ್ರ ಹಬ್ಬಕ್ಕೆ ಇರಲಿ, ನೆಂಟರ ಮನೆಗೆ ಇರಲಿ."

ಮಾವ ಹೆರೆದರು, ಉಜ್ಜಿದರು, ತುದಿಯನ್ನು ದೀಪಕ್ಕೆ ಹಿಡಿದರು. ಅತ್ತೆ ಮುಖವನ್ನು ಬೆಳಕಿನ ಕಡೆಗೆ ಓರೆ ಮಾಡಿ ಕಣ್ಣು ಮುಚ್ಚಿಕೊಂಡರು. ಮಾವ ಇಟ್ಟ ಕಡ್ಡಿ ಸರಿಯಾಗಿಯೇ ಕೂತಿತು.

"ವಾರೆ ಅದಾ?" ಎಂದು ಮಾವ ಕೇಳಿದರು.

ಅತ್ತೆ ಬಾಗಿಲ ಪಕ್ಕದ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡರು.

"ಇಲ್ಲ," ಎಂದರು. "ಚೆನ್ನಾಗದೆ."

ನಾನು ತಲೆ ಎತ್ತಲಿಲ್ಲ. ಅಂಗೈಯಲ್ಲಿದ್ದ ಕಲ್ಲನ್ನು, ಅದರ ಅಂಚಿನ ಚುಕ್ಕಿಯನ್ನು, ಬರಿಗಣ್ಣಿಗೆ ಕಾಣುವುದೇನೋ ಎಂಬಂತೆ ನೋಡುತ್ತ ಕೂತೆ.